ಅಜ್ಜನ ಗೇಣಿ ಲೆಕ್ಕದ ಪುಸ್ತಕಗಳು: ವಿಶ್ವವಿದ್ಯಾಲಯಕ್ಕೆ ಕೊಡಬೇಕಾ, ಮನೆಯಲ್ಲೇ ಇಡಬೇಕಾ?

ವರದಾತೀರ:
ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಹಳೇ ಮನೆಯನ್ನು ಈ ಬೇಸಿಗೆಯಲ್ಲಿ ಬಿಚ್ಚುತ್ತಿದ್ದೇವೆ. ಅಟ್ಟದ ಮೇಲೆ ಎರಡು ತಗಡಿನ ಟ್ರಂಕು ಇವೆ. ಒಂದರ ತುಂಬ ಮುತ್ತಜ್ಜ, ಅಜ್ಜ ಬರೆದಿಟ್ಟ ಗೇಣಿ ಲೆಕ್ಕದ ಪುಸ್ತಕಗಳು. ಯಾವ ಒಕ್ಕಲು ಎಷ್ಟು ಭತ್ತ ಅಳೆದ, ಎಷ್ಟು ಬಾಕಿ ಉಳಿಯಿತು, ಯಾರು ಮಗಳ ಮದುವೆಗೆ ಸಾಲ ತಗೊಂಡರು, ಎಲ್ಲವೂ ಹೆಸರು ಹಿಡಿದು ಬರೆದಿದೆ. ಇನ್ನೊಂದರಲ್ಲಿ ನೆಂಟರ ಪತ್ರಗಳು, ಅಡಿಕೆ ಮಂಡಿಯ ಚೀಟಿಗಳು, ಮದುವೆ ಕರೆಯೋಲೆಗಳು, ಕೋರ್ಟಿನ ನೋಟಿಸುಗಳು, ಒಂದು ಬಿಸ್ಕತ್ತಿನ ಡಬ್ಬಿಯಷ್ಟು ಫೋಟೋ ನೆಗೆಟಿವ್.

ದೊಡ್ಡಪ್ಪ ಸುಟ್ಟು ಹಾಕಿ ಅಂತಾರೆ. ಹೆಸರಿರುವ ಪುಸ್ತಕ ಹೊರಗೆ ಹೋದರೆ ನಾಳೆ ಯಾರಾದರೂ ಜಮೀನು ಕೇಳಿಕೊಂಡು ಬರ್ತಾರೆ ಅನ್ನುವ ಭಯ. ಚಿಕ್ಕಪ್ಪ ಬೆಂಗಳೂರಿನ ಫ್ಲ್ಯಾಟಿಗೆ ಒಯ್ಯುತ್ತೇನೆ ಅಂತಾರೆ, ಆದರೆ ಅಲ್ಲಿ ಜಾಗವಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ವಿಶ್ವವಿದ್ಯಾಲಯಕ್ಕೆ ಕೊಡು ಅಂದಳು. ಯಾವ ವಿಶ್ವವಿದ್ಯಾಲಯ? ಹೇಗೆ ಕೊಡುವುದು? ಬೇರೆಯವರ ಸಾಲದ ವಿವರ ಇರುವ ಪುಸ್ತಕವನ್ನು ಕೊಡಲು ನಮಗೆ ಹಕ್ಕಿದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ. ಮಳೆಗಾಲದೊಳಗೆ ತೀರ್ಮಾನ ಆಗಬೇಕು.

ಅಡಿಕೆಸೋಗೆ:
ಸುಡೋ ಮಾತು ಮಾತ್ರ ಬೇಡ ಮಾರಾಯ್ರೇ. ಮೊದಲು ಆ ಟ್ರಂಕನ್ನು ದೊಡ್ಡಪ್ಪನ ಕಣ್ಣಿಂದ ದೂರ ಇಡಿ.

ದಾಖಲೆಕೋಣೆ:
ನಾನು ಒಂದು ವಿಶ್ವವಿದ್ಯಾಲಯದ ಅಭಿಲೇಖಾಲಯದಲ್ಲಿ, ಅಂದರೆ ಹಳೇ ದಾಖಲೆ ಕಾಯ್ದಿಡುವ ವಿಭಾಗದಲ್ಲಿ, ಕೆಲಸ ಮಾಡುತ್ತೇನೆ. ಕೊಡುವ ಮಾತು ಆಮೇಲೆ. ಈಗ ತಕ್ಷಣ ಏನು ಮಾಡಬಾರದು ಅನ್ನುವುದು ಮುಖ್ಯ.

ಜೋಡಿಸಬೇಡಿ. ಪತ್ರಗಳನ್ನು ತಾರೀಖಿನ ಪ್ರಕಾರ ಇಡೋಣ, ಚೀಟಿಗಳನ್ನೆಲ್ಲ ಒಂದೆಡೆ ಮಾಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಅಲ್ಲೇ ಅರ್ಧ ಮಾಹಿತಿ ಹೋಗುತ್ತದೆ. ಲೆಕ್ಕದ ಪುಸ್ತಕದ ನಡುವೆ ಮಡಚಿಟ್ಟ ಚೀಟಿ ಆ ಪುಟಕ್ಕೇ ಸೇರಿದ್ದು. ಒಂದೇ ಕಟ್ಟಿನಲ್ಲಿ ಕೋರ್ಟಿನ ನೋಟಿಸೂ ನೆಂಟರ ಪತ್ರವೂ ಇದ್ದರೆ, ನಿಮ್ಮಜ್ಜ ಅವೆರಡನ್ನೂ ಒಟ್ಟಿಗೆ ಇಟ್ಟದ್ದಕ್ಕೆ ಕಾರಣವಿರುತ್ತದೆ. ಟ್ರಂಕು ತೆರೆದಾಗ ಹೇಗಿತ್ತೋ ಹಾಗೇ ಫೋಟೋ ತೆಗೆಯಿರಿ, ಪದರ ಪದರವಾಗಿ.

ಬಿಸಿಲಿಗೆ ಒಣಗಿಸಬೇಡಿ. ನೆರಳಲ್ಲಿ, ಗಾಳಿ ಆಡುವ ಕಡೆ ಸಾಕು. ಹರಿದ ಕಡೆ ಸೆಲ್ಲೋ ಟೇಪ್ ಬೇಡ. ಅದರ ಅಂಟು ಕೆಲವು ವರ್ಷಗಳಲ್ಲಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯುವುದು ಬಹಳ ಕಷ್ಟ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಗುಂಡುಸೂಜಿ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಬೂಷ್ಟು ಹಿಡಿದದ್ದನ್ನು ಬೇರೆ ಇಡಿ, ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ.

ನೆಗೆಟಿವ್ ಡಬ್ಬಿ ತೆರೆದಾಗ ವಿನಿಗರ್ ವಾಸನೆ ಬರುತ್ತದಾ? ಬಂದರೆ ಹೇಳಿ.

ಸಂಜೆಬಸ್ಸು:
ನಾಫ್ತಲಿನ್ ಗುಳಿಗೆ ಹಾಕಬಹುದಾ? ನಮ್ಮಮ್ಮ ರೇಷ್ಮೆ ಸೀರೆಗೂ ಅದೇ, ಜಾತಕಕ್ಕೂ ಅದೇ.

ದಾಖಲೆಕೋಣೆ:
ಬೇಡ. ಅದರ ಗಾಳಿ ಜನರಿಗೂ ಒಳ್ಳೆಯದಲ್ಲ. ಹಿಂದಿನವರು ಬಟ್ಟೆಯ ಕಟ್ಟಿನಲ್ಲಿ ಬಜೆ ಬೇರು ಇಡುತ್ತಿದ್ದರು, ಅದು ಪರವಾಗಿಲ್ಲ. ಹುಳಕ್ಕಿಂತ ದೊಡ್ಡ ಶತ್ರು ತೇವ. ಟ್ರಂಕನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಒರಲೆ ಬರುವುದು ಅಲ್ಲಿಂದಲೇ.

ಹೊನ್ನೆಮರ:
ಎಲ್ಲರೂ ಕೊಡಿ ಕೊಡಿ ಅಂತೀರಿ. ನನ್ನ ಅನುಭವ ಕೇಳಿ.

ನಮ್ಮ ತಂದೆ ವೃತ್ತಿ ನಾಟಕ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಯಾವ ಊರಲ್ಲಿ ಎಷ್ಟು ದಿನ ಕ್ಯಾಂಪು, ಯಾವ ನಾಟಕಕ್ಕೆ ಎಷ್ಟು ಗಲ್ಲಾ, ಯಾವ ನಟಿಗೆ ಎಷ್ಟು ಮುಂಗಡ, ಪರದೆ ಬರೆದವನಿಗೆ ಎಷ್ಟು ಕೊಟ್ಟರು, ಎಲ್ಲ ಅವರ ಕೈಬರಹದಲ್ಲೇ ಇತ್ತು. ಜೊತೆಗೆ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲುಗಳು. ಒಂದು ವಿಶ್ವವಿದ್ಯಾಲಯದ ಮೇಷ್ಟ್ರು ಮನೆಗೇ ಬಂದು ಒಯ್ದರು. ಶಾಲು ಹೊದಿಸಿದರು, ಫೋಟೋ ತೆಗೆದರು. ಅಪ್ಪನಿಗೆ ಬಹಳ ಸಂತೋಷವಾಗಿತ್ತು. ಅವರು ತೀರಿಕೊಂಡ ಮೇಲೆ ಒಂದು ಹ್ಯಾಂಡ್‌ಬಿಲ್ಲಿನ ಪ್ರತಿ ಕೇಳೋಣ ಅಂತ ಹೋದೆ. ಆ ಮೇಷ್ಟ್ರು ನಿವೃತ್ತರಾಗಿದ್ದರು. ಹೊಸಬರಿಗೆ ಏನೂ ಗೊತ್ತಿಲ್ಲ. ಪಟ್ಟಿ ಇಲ್ಲ, ರಸೀದಿ ಇಲ್ಲ. ಬೀರುವಿನ ಕೀಲಿ ಯಾರ ಹತ್ತಿರ ಇದೆ ಅನ್ನುವುದೂ ಗೊತ್ತಿಲ್ಲ.

ಮನೆಯಲ್ಲಿದ್ದರೆ ಕನಿಷ್ಠ ನಾವು ನೋಡುತ್ತಿದ್ದೆವು. ಹಾಗಾಗಿ ವರದಾತೀರ ಮೇಡಂ, ಮನೆಯಲ್ಲೇ ಇಡಿ.

ಓಲೆಗರಿ:
ಹೊನ್ನೆಮರ ಅವರೇ, ನಿಮ್ಮ ನೋವು ನ್ಯಾಯವಾದದ್ದು. ಆದರೆ ಮನೆಯಲ್ಲಿಟ್ಟರೆ ಉಳಿಯುತ್ತದೆ ಅನ್ನುವುದನ್ನು ಒಪ್ಪಲಾರೆ. ಮಲೆನಾಡಿನ ಮಳೆ, ಒರಲೆ, ಪಾಲು ಪಟ್ಟಿ, ಮನೆ ಬಿಚ್ಚುವುದು, ಮಕ್ಕಳು ಅಮೆರಿಕಕ್ಕೆ ಹೋಗುವುದು. ಎಷ್ಟು ಮನೆಗಳಲ್ಲಿ ಮೂರನೇ ತಲೆಮಾರಿನವರೆಗೆ ಕಾಗದ ಉಳಿದಿದೆ ಹೇಳಿ.

ಉಳಿದದ್ದು ಸಂಸ್ಥೆ ಇದ್ದ ಕಡೆ. ಶೃಂಗೇರಿಯನ್ನೇ ನೋಡಿ. 1791ರಲ್ಲಿ ಮರಾಠಾ ಸೈನ್ಯ ಮಠವನ್ನು ಲೂಟಿ ಮಾಡಿದ ಮೇಲೆ ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡದ ಪತ್ರಗಳು ಅಲ್ಲೇ ಕಟ್ಟಿನಲ್ಲಿದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ ಅವರು ನೋಡುವವರೆಗೆ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಉಳಿದದ್ದು ಮಠ ಮುಂದುವರಿದದ್ದಕ್ಕೆ.

ಹೊನ್ನೆಮರ:
ಮಠ ಬೇರೆ, ಸರ್ಕಾರಿ ಅನುದಾನದ ವಿಶ್ವವಿದ್ಯಾಲಯ ಬೇರೆ. ಮಠದವರಿಗೆ ಅದು ತಮ್ಮ ಮನೆಯ ಕಾಗದ, ಕಾಯ್ದರು. ವಿಶ್ವವಿದ್ಯಾಲಯಕ್ಕೆ ನಮ್ಮಪ್ಪನ ಪುಸ್ತಕ ಯಾರದ್ದು?

ಓಲೆಗರಿ:
ಸರಿ, ವಿಶ್ವವಿದ್ಯಾಲಯದ ಉದಾಹರಣೆಯನ್ನೇ ಕೊಡುತ್ತೇನೆ. ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ ಶುರುವಾದದ್ದು 1891ರಲ್ಲಿ. ಈಗ ಅದು ಮೈಸೂರು ವಿಶ್ವವಿದ್ಯಾಲಯದ ಭಾಗ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ‘ಗ್ರಂಥ’ ಅನ್ನುವ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿಯ ಒಂದು ಓಲೆಗರಿ ಕಟ್ಟು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿದವರು ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಯಿತು. ಆ ಕಟ್ಟು ಯಾರದೋ ಮನೆಯ ಅಟ್ಟದಲ್ಲೇ ಇದ್ದಿದ್ದರೆ?

ಧಾರವಾಡಪೇಟೆ:
ಅದೇ ಉದಾಹರಣೆ ಹೊನ್ನೆಮರ ಅವರ ಮಾತಿಗೂ ಸಾಕ್ಷಿ ಆಗ್ತದ ನೋಡ್ರಿ. ಶಾಮಶಾಸ್ತ್ರಿಗಳ ಹೆಸರು ಲೋಕಕ್ಕೆಲ್ಲ ಗೊತ್ತು. ತಂದುಕೊಟ್ಟ ಪಂಡಿತರ ಹೆಸರು? ಪುಸ್ತಕಗಳಲ್ಲಿ ‘ಒಬ್ಬ ಪಂಡಿತ’ ಅಂತಷ್ಟೇ ಇರತದ. ಕೊಟ್ಟವರ ಹೆಸರು, ಊರು, ಯಾವ ಮನೆಯಿಂದ ಬಂತು ಅನ್ನೋದನ್ನ ಬರೆದಿಡಬೇಕು ಅನ್ನೋದು ಇದಕ್ಕೇ.

ದಾಖಲೆಕೋಣೆ:
ಧಾರವಾಡಪೇಟೆ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹೊನ್ನೆಮರ ಅವರ ತಂದೆಯ ವಿಷಯದಲ್ಲಿ ಆದ ತೊಂದರೆ ಏನೆಂದರೆ, ಪುಸ್ತಕ ಹೋದದ್ದು ಒಬ್ಬ ವ್ಯಕ್ತಿಯ ಕೈಗೆ. ಸಂಸ್ಥೆಗೆ ಅಲ್ಲ. ಮೇಷ್ಟ್ರು ಎಷ್ಟೇ ಒಳ್ಳೆಯವರಿರಲಿ, ಅವರ ಕೈಗೆ ಕೊಡಬೇಡಿ. ಕುಲಸಚಿವರ ಅಥವಾ ಅಭಿಲೇಖಾಲಯದ ಮುಖ್ಯಸ್ಥರ ಸಹಿ ಇರುವ ಒಪ್ಪಂದಪತ್ರ ಬೇಕು. ಅದರಲ್ಲಿ ನಾನು ಕೇಳಿ ಅನ್ನುವುದು ಇಷ್ಟು: ದಾನವೋ, ಬರೀ ಇಡಲು ಕೊಟ್ಟದ್ದೋ ಅನ್ನುವುದು ಸ್ಪಷ್ಟವಾಗಿರಲಿ. ದಾಖಲಾತಿ ಸಂಖ್ಯೆ ಇರಲಿ. ಎಷ್ಟು ದಿನದೊಳಗೆ ಪಟ್ಟಿ ಮಾಡಿ ಒಂದು ಪ್ರತಿ ಮನೆಗೆ ಕಳಿಸುತ್ತಾರೆ ಅಂತ ಬರೆದಿರಲಿ. ಯಾವ ಭಾಗವನ್ನು ಯಾರು ನೋಡಬಹುದು, ಯಾವುದನ್ನು ಎಷ್ಟು ವರ್ಷ ಮುಚ್ಚಿಡಬೇಕು ಅನ್ನುವುದು ಇರಲಿ. ನಮಗೆ ಬೇಡವಾಯಿತು ಅಂತ ಅವರಿಗೆ ಅನಿಸಿದರೆ ಬಿಸಾಡುವ ಮೊದಲು ನಿಮ್ಮನ್ನು ಕೇಳಬೇಕು. ಈ ಕೊನೆಯದನ್ನು ಮಾತ್ರ ಬಿಡಲೇಬೇಡಿ.

ಪಟ್ಟಿಯ ವಿಷಯದಲ್ಲಿ ಇನ್ನೊಂದು ಮಾತು. ಕೊಡುವ ಮೊದಲು ನೀವೇ ಒಂದು ಕಚ್ಚಾ ಪಟ್ಟಿ ಮಾಡಿ. ‘ಟ್ರಂಕು 1, ಮೇಲಿಂದ ಮೂರನೇ ಕಟ್ಟು, ಕೆಂಪು ಬಟ್ಟೆ, ಲೆಕ್ಕದ ಪುಸ್ತಕ, ಒಳಗೆ ಬಿಡಿ ಚೀಟಿಗಳಿವೆ’ ಇಷ್ಟಿದ್ದರೂ ಸಾಕು. ಎರಡು ಪ್ರತಿಗೂ ಅವರ ಸಹಿ, ಮೊಹರು ಹಾಕಿಸಿಕೊಳ್ಳಿ.

ಕಾಗೋಡುಮೊಮ್ಮಗ:
ಇಲ್ಲಿಯವರೆಗೆ ಎಲ್ಲರೂ ಕೊಡುವವರ ಬಗ್ಗೆ, ತಗೊಳ್ಳುವವರ ಬಗ್ಗೆ ಮಾತಾಡಿದಿರಿ. ಆ ಪುಸ್ತಕದೊಳಗೆ ಇರುವವರ ಬಗ್ಗೆ ಯಾರೂ ಮಾತಾಡಲಿಲ್ಲ.

ನಮ್ಮದು ಗೇಣಿದಾರರ ಮನೆ. ನಮ್ಮ ಅಜ್ಜನ ಅಟ್ಟದಲ್ಲಿ ಟ್ರಂಕು ಇರಲಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಅವರು ಎಷ್ಟು ಉತ್ತರು, ಎಷ್ಟು ಅಳೆದರು, ಯಾವ ವರ್ಷ ಬೆಳೆ ಹೋಯಿತು ಅನ್ನುವುದು ಎಲ್ಲಾದರೂ ಇದ್ದರೆ ಒಡೆಯರ ಪುಸ್ತಕದಲ್ಲೇ. ಭೂಸುಧಾರಣೆ ಕಾನೂನಿಗೆ 1974ರ ತಿದ್ದುಪಡಿ ಬಂದ ಮೇಲೆ ಗೇಣಿ ಹಕ್ಕು ಕೇಳುವ ಅರ್ಜಿ, ನಮೂನೆ 7 ತುಂಬಿ ಭೂನ್ಯಾಯ ಮಂಡಳಿ ಮುಂದೆ ನಿಂತಾಗ ನಮ್ಮವರ ಕೈಲಿ ಒಂದು ಚೀಟಿಯೂ ಇರಲಿಲ್ಲ. ಅಕ್ಕಪಕ್ಕದವರ ಬಾಯಿಮಾತೇ ಸಾಕ್ಷಿ. ಲೆಕ್ಕದ ಪುಸ್ತಕ ಒಡೆಯರ ಮನೆಯಲ್ಲೇ ಇತ್ತು, ಅದು ಹೊರಗೆ ಬರಲಿಲ್ಲ.

ಈಗ ಆ ಪುಸ್ತಕಗಳನ್ನು ಸುಡುತ್ತಾರೆ ಅಂದರೆ ನಮ್ಮ ಅಜ್ಜ ಅಜ್ಜಿಯರ ಲಿಖಿತ ಇತಿಹಾಸ ಸುಟ್ಟ ಹಾಗೆ. ದಯವಿಟ್ಟು ಕೊಡಿ ಅಕ್ಕ. ಕೊಡುವಾಗ ಒಂದು ಮಾತು ಬರೆಸಿ: ಪುಸ್ತಕದಲ್ಲಿ ಹೆಸರಿರುವ ಮನೆಯವರು ಯಾರು ಬಂದು ಕೇಳಿದರೂ ಅವರ ಪುಟದ ಪ್ರತಿಯನ್ನು ಪುಕ್ಕಟೆ ಕೊಡಬೇಕು.

ಅಡಿಕೆಸೋಗೆ:
+1. ಇದಕ್ಕಿಂತ ಸರಿಯಾದ ಮಾತು ಇಲ್ಲಿ ಬಂದಿಲ್ಲ.

ವರದಾತೀರ:
ಕಾಗೋಡುಮೊಮ್ಮಗ ಅವರೇ, ನಿಮ್ಮ ಮಾತನ್ನು ಮನೆಯಲ್ಲಿ ಓದಿ ಹೇಳಿದೆ. ಅಮ್ಮ ತಕ್ಷಣ ಹೌದು ಅಂದರು. ದೊಡ್ಡಪ್ಪ ಏನೂ ಹೇಳಲಿಲ್ಲ, ಎದ್ದು ತೋಟಕ್ಕೆ ಹೋದರು. ಅವರ ಭಯ ನಿಜವಾ? ಈಗ ಯಾರಾದರೂ ಈ ಪುಸ್ತಕ ಹಿಡಿದು ಜಮೀನು ಕೇಳಲು ಆಗುತ್ತದಾ?

ಕರಿಕೋಟು:
ವಕೀಲ. ನಿಮ್ಮ ಜಮೀನಿನ ಕಾಗದ ನೋಡದೆ ಖಚಿತ ಸಲಹೆ ಕೊಡುವುದು ತಪ್ಪು, ಹತ್ತಿರದ ವಕೀಲರಿಗೆ ತೋರಿಸಿ. ಆದರೆ ಗೇಣಿ ಹಕ್ಕಿನ ಅರ್ಜಿ ಹಾಕುವ ಕೊನೆಯ ದಿನ 1979ರ ಜೂನ್ 30ಕ್ಕೇ ಮುಗಿದಿದೆ. ಆಮೇಲೆ ನಮೂನೆ 7ಎ ಅಂತ ಸೀಮಿತ ಅವಕಾಶ ಬಂತು, ಅದರ ಗಡುವೂ ಯಾವತ್ತೋ ಕಳೆಯಿತು. ಕೋರ್ಟಿನಲ್ಲಿ ಈಗ ನಡೆಯುತ್ತಿರುವ ಕೇಸೇನಾದರೂ ಇದ್ದರೆ ಮಾತ್ರ ಜಾಗ್ರತೆ. ಆಗ ಆ ಪುಸ್ತಕವನ್ನು ಸುಡುವುದೇ ಅಪರಾಧ ಆದೀತು, ಸಾಕ್ಷ್ಯ ನಾಶ. ದೊಡ್ಡಪ್ಪನವರಿಗೆ ಇದನ್ನು ಮೊದಲು ಹೇಳಿ.

ಪತ್ರಗಳ ಬಗ್ಗೆ ಒಂದು ವಿಷಯ. ನೆಂಟರು ಬರೆದ ಪತ್ರದ ಕಾಗದ ನಿಮ್ಮದು. ಆದರೆ ಬರೆದ ಒಕ್ಕಣೆಯ ಹಕ್ಕುಸ್ವಾಮ್ಯ ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ನೀವು ವಿಶ್ವವಿದ್ಯಾಲಯಕ್ಕೆ ಕಾಗದ ಕೊಡಬಹುದು. ‘ಅಚ್ಚು ಹಾಕಿಕೊಳ್ಳಿ’ ಅಂತ ಹೇಳುವ ಅಧಿಕಾರ ನಿಮಗಿಲ್ಲ. ಒಪ್ಪಂದದಲ್ಲಿ ‘ನಮ್ಮ ಕುಟುಂಬದವರು ಬರೆದದ್ದರ ಮಟ್ಟಿಗೆ’ ಅಂತ ಸೇರಿಸಿ.

ನೀಲಿಪೆಟ್ಟಿಗೆ:
ಕಾಗೋಡುಮೊಮ್ಮಗ ಅವರ ಮಾತಿಗೆ ಗೌರವವಿದೆ. ಆದರೂ ಒಂದು ತಕರಾರು. ನಮ್ಮದೂ ಅಂಥದೇ ಮನೆ, ಬೇರೆ ತಾಲ್ಲೂಕು. ನಮ್ಮ ಅಜ್ಜಿಯನ್ನು ಚಿಕ್ಕ ವಯಸ್ಸಿನಲ್ಲಿ ಸಾಲಕ್ಕೆ ಜೀತ ಇಟ್ಟಿದ್ದರು. ಅದು ಯಾವುದೋ ಪುಸ್ತಕದಲ್ಲಿ ಇದ್ದೇ ಇರುತ್ತದೆ, ಹೆಸರು, ಜಾತಿ, ಮೊತ್ತ ಸಮೇತ. ನಾಳೆ ಅದು ಇಂಟರ್ನೆಟ್ಟಿಗೆ ಬಂದು, ನನ್ನ ಮಗಳ ಕ್ಲಾಸಿನವರು ಊರಿನ ಹೆಸರು ಹಾಕಿ ಹುಡುಕಿದರೆ ಸಿಗುವ ಹಾಗಾಗುವುದು ನನಗೆ ಬೇಡ. ಸಂಶೋಧಕರಿಗೆ ಅದು ಪಿಎಚ್.ಡಿ., ನಮಗೆ ಅಜ್ಜಿ.

ಕಾಗೋಡುಮೊಮ್ಮಗ:
ಅಣ್ಣ, ನಾಚಿಕೆ ಪಡಬೇಕಾದವರು ನಾವಲ್ಲ. ಜೀತ ಇಟ್ಟುಕೊಂಡವರು. ಹೆಸರು ಮುಚ್ಚಿದರೆ ಅನುಕೂಲ ಆಗುವುದು ಯಾರಿಗೆ ಯೋಚಿಸಿ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾನೂನು ಬಂತು. ‘ನಮ್ಮೂರಲ್ಲಿ ಜೀತವೇ ಇರಲಿಲ್ಲ’ ಅಂತ ಈಗ ಹೇಳುವವರಿಗೆ ಉತ್ತರ ಕೊಡಲು ಆ ಪುಟವಲ್ಲದೆ ಬೇರೇನಿದೆ?

ನೀಲಿಪೆಟ್ಟಿಗೆ:
ನಾಚಿಕೆ ಅಲ್ಲ ತಮ್ಮಾ. ಯಾರು ಹೇಳಬೇಕು ಅನ್ನುವುದು ಪ್ರಶ್ನೆ. ಅಜ್ಜಿ ತನ್ನ ಕತೆಯನ್ನು ತಾನಾಗಿ ನಮಗೆ ಹೇಳಿದಳು. ಹೇಳಬೇಕಾದ ಕಡೆ ನಾವೂ ಹೇಳುತ್ತೇವೆ. ಒಡೆಯರ ಮೊಮ್ಮಕ್ಕಳು, ಯಾವುದೋ ವಿಶ್ವವಿದ್ಯಾಲಯ ಸೇರಿ ಒಪ್ಪಂದ ಮಾಡಿಕೊಂಡು ಹೊರಗೆ ಹಾಕುವುದು ಬೇರೆ. ಆ ಒಪ್ಪಂದದಲ್ಲಿ ನಮ್ಮ ಸಹಿಗೆ ಜಾಗವೇ ಇಲ್ಲವಲ್ಲ.

ದಾಖಲೆಕೋಣೆ:
ನೀಲಿಪೆಟ್ಟಿಗೆ ಅವರು ಹೇಳಿದ್ದು ನಮ್ಮ ಕೆಲಸದಲ್ಲಿ ನಿಜವಾಗಿಯೂ ಕಷ್ಟದ ಜಾಗ. ಉಳಿಸುವುದು, ಓದಲು ಬಿಡುವುದು, ಇಂಟರ್ನೆಟ್ಟಿಗೆ ಹಾಕುವುದು ಮೂರೂ ಬೇರೆ ಬೇರೆ ತೀರ್ಮಾನಗಳು. ಒಂದಕ್ಕೆ ಹೌದು ಅಂದ ತಕ್ಷಣ ಉಳಿದ ಎರಡಕ್ಕೂ ಹೌದು ಅಂದ ಹಾಗಲ್ಲ. ಲೆಕ್ಕದ ಪುಸ್ತಕಗಳನ್ನು ಓದುವ ಕೋಣೆಯಲ್ಲಿ ಮಾತ್ರ ತೋರಿಸಬಹುದು. ಸಾಲ, ಜೀತ, ಕಾಯಿಲೆ, ಮನೆಜಗಳದ ಪುಟಗಳನ್ನು ಗುರುತು ಹಾಕಿ ಇಂತಿಷ್ಟು ವರ್ಷ ಅಂತ ಮುಚ್ಚಿಡಬಹುದು. ಸಂಶೋಧಕರು ಹೆಸರು ಬದಲಿಸಿ ಬರೆಯಬೇಕು ಅಂತ ಷರತ್ತು ಹಾಕಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾನೂನಿನಲ್ಲಿ ಸಂಶೋಧನೆ, ಅಭಿಲೇಖ ಕೆಲಸಕ್ಕೆ ಷರತ್ತಿನ ವಿನಾಯಿತಿ ಇದೆ. ಆದರೆ ಕಾನೂನು ಬಿಟ್ಟಿದೆ ಅಂತ ಎಲ್ಲವನ್ನೂ ಹಾಕುವುದು ಸರಿಯಲ್ಲ. ಪುಸ್ತಕದಲ್ಲಿರುವ ಮನೆಯವರನ್ನೂ ಕೂರಿಸಿಕೊಂಡು ಮಾತಾಡಬೇಕು. ವರದಾತೀರ ಅವರ ವಿಷಯದಲ್ಲಿ ಅದು ಸಾಧ್ಯ, ಯಾಕೆಂದರೆ ಆ ಮನೆಗಳು ಅದೇ ಊರಿನಲ್ಲಿವೆ.

ಸಂಜೆಬಸ್ಸು:
ಇಷ್ಟೆಲ್ಲ ಯಾಕೆ? ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿ. ಬೆಂಗಳೂರಿನಲ್ಲಿ ಎಷ್ಟೊಂದು ಹಳೇ ಕನ್ನಡ ಪುಸ್ತಕ ಹಾಗೇ ಅಲ್ಲಿಗೆ ಏರಿವೆ. ಯಾರ ಕೀಲಿಯೂ ಬೇಡ.

ನೀಲಿಪೆಟ್ಟಿಗೆ:
ಮೇಲೆ ಬರೆದದ್ದನ್ನು ಓದಿದಿರಾ?

ಸಂಜೆಬಸ್ಸು:
ಓದಿದೆ. ಮದುವೆ ಕರೆಯೋಲೆ, ಅಡಿಕೆ ಮಂಡಿ ಚೀಟಿ ಅಂಥದ್ದನ್ನು ಹಾಕಬಹುದಲ್ವಾ ಅಂದೆ. ಸಾಲದ ಪುಟ ಅಲ್ಲ.

ದೂರದೂರು:
ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ದಕ್ಷಿಣ ಏಷ್ಯಾದಿಂದ ಬಂದವರ ದಾಖಲೆಗಳಿಗಾಗಿ ಸಾಡಾ ಅನ್ನುವ ಡಿಜಿಟಲ್ ಅಭಿಲೇಖಾಲಯ 2008ರಿಂದ ನಡೆಯುತ್ತಿದೆ. ಅವರು ಮೂಲವನ್ನು ತಗೊಳ್ಳುವುದಿಲ್ಲ. ಪತ್ರ, ಫೋಟೋ, ಕರಪತ್ರ ಸ್ಕ್ಯಾನ್ ಮಾಡಿ ಮೂಲವನ್ನು ಮನೆಗೇ ವಾಪಸ್ ಕೊಡುತ್ತಾರೆ. ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯೂ, 2004ರಲ್ಲಿ ಶುರುವಾದದ್ದು, ಮೂಲ ದಾಖಲೆ ಆಯಾ ದೇಶದಲ್ಲೇ ಇರಬೇಕು ಅನ್ನುತ್ತದೆ. ಹೊನ್ನೆಮರ ಅವರಂಥವರಿಗೆ ಈ ದಾರಿ ಒಪ್ಪಿಗೆಯಾಗಬಹುದು.

ದಾಖಲೆಕೋಣೆ:
ಒಳ್ಳೆ ದಾರಿ, ಮೂಲ ಇಡುವ ಮನೆ ಗಟ್ಟಿಯಾಗಿದ್ದರೆ. ಇಲ್ಲಿ ಮನೆಯನ್ನೇ ಬಿಚ್ಚುತ್ತಿದ್ದಾರೆ. ಸ್ಕ್ಯಾನನ್ನು ನಂಬಿ ಮೂಲವನ್ನು ಬಿಡುವ ಹಾಗಿಲ್ಲ. ಹಾರ್ಡ್ ಡಿಸ್ಕ್ ಹೇಳದೆ ಕೇಳದೆ ಸಾಯುತ್ತದೆ. ಮಾಡುವುದಾದರೆ ಕನಿಷ್ಠ 300 ಡಿಪಿಐ, ಸಣ್ಣ ಅಕ್ಷರ ಮತ್ತು ಫೋಟೋಗೆ 600. ಬಣ್ಣದಲ್ಲೇ ಮಾಡಿ, ಕಪ್ಪು ಬಿಳುಪು ಬೇಡ. ಮೂಲ ಫೈಲು ಟಿಫ್‌ನಲ್ಲಿರಲಿ. ಖಾಲಿ ಪುಟ, ರಟ್ಟು, ಹಿಂಬದಿ ಯಾವುದನ್ನೂ ಬಿಡಬೇಡಿ. ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ.

ಮುಳುಗಡೆಮನೆ:
ಅಕ್ಕ, ಒಂದು ಕೇಳಬಹುದಾ? ನಮ್ಮದು ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದಾಗ ನಮ್ಮ ಊರು ನೀರೊಳಗೆ ಹೋಯಿತು. ಮನೆ, ತೋಟ, ದೇವಸ್ಥಾನ, ಶಾಲೆಯ ದಾಖಲಾತಿ ಎಲ್ಲ. ಅಪ್ಪನ ಹತ್ತಿರ ಉಳಿದದ್ದು ಒಂದು ಕಂದಾಯದ ರಸೀದಿ, ಪರಿಹಾರದ ನೋಟಿಸು. ಎಬ್ಬಿಸಿ ಕಳಿಸಿದ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಸಿಗದೆ ಎಷ್ಟೋ ಮನೆಗಳು ಅಲೆಯುತ್ತಿವೆ. ಕಚೇರಿಗೆ ಹೋದರೆ ದಾಖಲೆ ತನ್ನಿ ಅಂತಾರೆ. ದಾಖಲೆ ಇದ್ದ ಊರನ್ನೇ ಮುಳುಗಿಸಿದ್ದಾರೆ.

ನಿಮ್ಮ ನೆಂಟರ ಪತ್ರಗಳಲ್ಲಿ ಕರೂರು, ಬಾರಂಗಿ ಹೋಬಳಿ ಕಡೆಯಿಂದ ಬಂದವು ಇವೆಯಾ? ಊರಿನ ಹೆಸರು, ಮನೆಗಳ ಹೆಸರು, ಏನಿದ್ದರೂ ಸರಿ.

ವರದಾತೀರ:
ಇವೆ! ಅಜ್ಜಿಯ ತವರು ಆ ಕಡೆಯೇ. ಅಜ್ಜಿಯ ಅಣ್ಣ ಬರೆದ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟೇ ಇದೆ. ಮೇಲಿನ ಒಂದನ್ನಷ್ಟೇ ಓದಿದೆ. ಮನೆಯ ಮರಮಟ್ಟು ಬಿಚ್ಚಿ ಗಾಡಿಗೆ ಹೇರಿದ್ದು, ಬಾಗಿಲ ಚೌಕಟ್ಟು ಯಾರಿಗೆ ಕೊಟ್ಟರು, ದನಗಳನ್ನು ಎಲ್ಲಿಗೆ ಹೊಡೆದರು, ಪಕ್ಕದ ಮೂರು ಮನೆಯವರು ಯಾವ ಯಾವ ಊರಿಗೆ ಹೋದರು ಅಂತೆಲ್ಲ ಬರೆದಿದ್ದಾರೆ. ಮನೆಗಳ ಹೆಸರುಗಳಿವೆ. ದಾಖಲೆಕೋಣೆ ಸರ್ ಹೇಳಿದ ಹಾಗೆ ಕಟ್ಟು ಬಿಚ್ಚದೆ ಇಟ್ಟಿದ್ದೇನೆ.

ಮುಳುಗಡೆಮನೆ:
ಆ ಮನೆಗಳ ಹೆಸರು ನನಗೆ ಖಾಸಗಿಯಾಗಿ ಕಳಿಸಿ ಅಕ್ಕ, ಕೈ ಮುಗಿಯುತ್ತೇನೆ. ಅಪ್ಪನಿಗೆ ಎಂಬತ್ತು ದಾಟಿದೆ. ಅವರಿಗೆ ಗೊತ್ತಿರುತ್ತದೆ.

ಕರಿಕೋಟು:
ಖಾಸಗಿ ಪತ್ರ ಕಂದಾಯ ದಾಖಲೆಗೆ ಸಮ ಅಲ್ಲ. ಆದರೂ ಇಂಥ ಮನೆ ಇಂಥ ಊರಲ್ಲಿತ್ತು ಅನ್ನುವುದಕ್ಕೆ ಪೂರಕ ಸಾಕ್ಷಿಯಾಗಿ ಕೆಲಸಕ್ಕೆ ಬರಬಹುದು. ವಿಶ್ವವಿದ್ಯಾಲಯದಿಂದ ದೃಢೀಕರಿಸಿದ ಪ್ರತಿ ಸಿಗುವ ವ್ಯವಸ್ಥೆ ಒಪ್ಪಂದದಲ್ಲಿ ಇರಲಿ.

ಓಲೆಗರಿ:
ವರದಾತೀರ ಅವರೇ, ಲೆಕ್ಕದ ಪುಸ್ತಕಗಳ ತಾರೀಖು ಹೇಗಿದೆ? ಇಸವಿ ಇದೆಯಾ, ಸಂವತ್ಸರವಾ?

ವರದಾತೀರ:
ಬರೀ ಸಂವತ್ಸರ. ಒಂದರ ಮೇಲೆ ‘ಖರ’ ಅಂತ ಇದೆ. ಅಕ್ಷರ ಒಂದಕ್ಕೊಂದು ಸೇರಿಕೊಂಡು ಹರಿದಿದೆ, ನನಗೆ ಅರ್ಧವೂ ಓದಲು ಬರುವುದಿಲ್ಲ.

ಓಲೆಗರಿ:
ಶಾನುಭೋಗರ ಮೋಡಿ ಕೈಬರಹ ಇರಬೇಕು, ರೂಢಿಯಾದರೆ ಓದಬಹುದು. ಖರ ಸಂವತ್ಸರ 1891-92ರಲ್ಲಿ ಬಂತು, ಮತ್ತೆ 1951-52ರಲ್ಲಿ. ಅರವತ್ತು ವರ್ಷದ ಚಕ್ರ. ಒಳಗೆ ಅಜ್ಜನ ಕೈಬರಹವೋ ಮುತ್ತಜ್ಜನದೋ ನೋಡಿ. ಹಣ ಆಣೆ ಪೈಯಲ್ಲಿದ್ದರೆ 1957ಕ್ಕಿಂತ ಹಿಂದಿನದು ಅನ್ನಬಹುದು, ಅಷ್ಟೇ. ಹಿಂದಿನ, ಮುಂದಿನ ಪುಸ್ತಕಗಳ ಮೇಲೆ ಏನಿದೆ?

ವರದಾತೀರ:
ಅಜ್ಜನ ಕೈಬರಹವೇ. ಹಿಂದಿನದು ವಿಕೃತಿ, ಮುಂದಿನದು ನಂದನ.

ಓಲೆಗರಿ:
ಹಾಗಾದರೆ ಅದು 1951-52. ಸಾಗರದ ಕಡೆಯ ಗೇಣಿದಾರರು ಒಡೆಯರ ವಿರುದ್ಧ ಎದ್ದ ಕಾಗೋಡು ಸತ್ಯಾಗ್ರಹದ ವರ್ಷ.

ಕಾಗೋಡುಮೊಮ್ಮಗ:
ಆ ವರ್ಷ ಯುಗಾದಿ ಆದ ಬೆನ್ನಲ್ಲೇ, 1951ರ ಏಪ್ರಿಲ್ 18ಕ್ಕೆ ಚಳವಳಿ ಶುರು. ಎಚ್. ಗಣಪತಿಯಪ್ಪನವರ ಮುಂದಾಳತ್ವ. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನವಾದರು. ಅಕ್ಕ, ಆ ಪುಸ್ತಕದಲ್ಲಿ ಕೊಳಗದ ಬಗ್ಗೆ ಏನಾದರೂ ಇದೆಯಾ ದಯವಿಟ್ಟು ನೋಡಿ. ಗೇಣಿ ಅಳೆಯುವ ಕೊಳಗ ದೊಡ್ಡದು ಅನ್ನುವುದೇ ಜಗಳದ ಬುಡ. ಹಿರಿಯರು ಹೇಳಿದ್ದನ್ನು ಕೇಳಿದ್ದೇನೆ, ಒಡೆಯರ ಕಡೆಯ ಬರಹ ನೋಡಿಲ್ಲ.

ಸಂಜೆಬಸ್ಸು:
ಕೊಳಗ ಅಂದರೆ ಎಷ್ಟು ಸೇರು?

ಅಡಿಕೆಸೋಗೆ:
ಅದೇ ತೊಂದರೆ ಆಗಿದ್ದು. ಊರಿಗೊಂದು, ಮನೆಗೊಂದು. ಖಂಡುಗಕ್ಕೆ 20 ಕೊಳಗ ಅನ್ನುವ ಲೆಕ್ಕ ಎಲ್ಲ ಕಡೆ ಒಂದೇ. ಕೊಳಗವೇ ದೊಡ್ಡದಾದರೆ ಖಂಡುಗವೂ ದೊಡ್ಡದಾಗುತ್ತದೆ, ಪುಸ್ತಕದಲ್ಲಿ ಮಾತ್ರ ಅಂಕಿ ಅದೇ ಇರುತ್ತದೆ. ಅಳತೆಗೆ ಕೂತವನಿಗೆ ಗೊತ್ತು, ಓದುವವನಿಗೆ ಗೊತ್ತಾಗಲ್ಲ.

ವರದಾತೀರ:
ಅಮ್ಮ ಮತ್ತು ನಾನು ಕೂತು ನಿಧಾನವಾಗಿ ಓದಿದೆವು. ಬಹಳ ಕಡೆ ಬರೀ ‘ಖಂ’, ‘ಕೊ’ ಅಂತ ಅಂಕಿಗಳಿವೆ. ಆದರೆ ಖರದ ಪುಸ್ತಕದಲ್ಲಿ ಒಂದು ಕಡೆ, ಅಂಕಿಯ ಪಕ್ಕ ಸಣ್ಣದಾಗಿ ‘ನಮ್ಮ ಕೊಳಗದಲ್ಲಿ’ ಅಂತ ಬರೆದು, ಕೆಳಗಿನ ಸಾಲಿನಲ್ಲಿ ‘ಪೇಟೆ ಕೊಳಗದಲ್ಲಿ’ ಅಂತ ಬೇರೆ, ಹೆಚ್ಚಿನ ಅಂಕಿ ಬರೆದಿದ್ದಾರೆ. ಎರಡೂ ಒಂದೇ ಭತ್ತಕ್ಕೆ. ಆಮೇಲೆ ಆ ಒಕ್ಕಲಿನ ಪುಟ ಖಾಲಿ. ಮುಂದಿನ ವರ್ಷದ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ.

ಕಾಗೋಡುಮೊಮ್ಮಗ:
ಎರಡು ಕೊಳಗ ಇತ್ತು ಅಂತ ಒಡೆಯರ ಕೈಯಲ್ಲೇ ಬರೆದ ಸಾಲು. ಅಕ್ಕ, ಈ ಪುಟದ ಫೋಟೋ ಇಲ್ಲಿ ಹಾಕಬೇಡಿ. ಆ ಮನೆಯವರನ್ನು ಮೊದಲು ಹುಡುಕೋಣ. ಅವರಿಗೆ ಮೊದಲು ತೋರಿಸೋಣ. ನೀಲಿಪೆಟ್ಟಿಗೆ ಅಣ್ಣ ಹೇಳಿದ್ದು ಈಗ ನನಗೂ ಸರಿ ಅನಿಸುತ್ತಿದೆ, ಹೆಸರಿನ ವಿಷಯದಲ್ಲಿ.

ನೀಲಿಪೆಟ್ಟಿಗೆ:
ಮುಚ್ಚಿಡಿ ಅಂತ ನಾನು ಹೇಳಿಯೇ ಇಲ್ಲ ತಮ್ಮಾ. ಕೇಳಿ ತೆರೆಯಿರಿ ಅಂದೆ.

ಧಾರವಾಡಪೇಟೆ:
ಯಾವ ವಿಶ್ವವಿದ್ಯಾಲಯ ಅನ್ನೋ ಪ್ರಶ್ನೆಗೆ ಉತ್ತರ ಬಂದೇ ಇಲ್ಲಲ್ರೀ. ನಮ್ಮ ಕಡೆ ಆಗಿದ್ರ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ ಅಂತಿದ್ದೆ, 1939ರಾಗ ಶುರುವಾದದ್ದು. ಹಂಪಿ ಕನ್ನಡ ವಿಶ್ವವಿದ್ಯಾಲಯದಾಗ ಹಸ್ತಪ್ರತಿ ವಿಭಾಗನೇ ಅದ.

ಓಲೆಗರಿ:
ಸಾಗರಕ್ಕೆ ಹತ್ತಿರ ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಅದರ ಅಡಿಯಲ್ಲೇ ಕೆಳದಿಯ ವಸ್ತುಸಂಗ್ರಹಾಲಯ ಇದೆ, ಕೆಳದಿ ಗುಂಡಾಜೋಯಿಸರು ಜೀವಮಾನ ಸವೆಸಿ ಕಟ್ಟಿದ್ದು. ಅವರು ಕೂಡ ಮನೆ ಮನೆ ತಿರುಗಿ ಓಲೆಗರಿ, ಕಡತ, ಕಾಗದ ಸೇರಿಸಿದವರೇ.

ದೂರದೂರು:
ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯದ ಸಮಕಾಲೀನ ಭಾರತದ ಅಭಿಲೇಖಾಲಯವೂ ಖಾಸಗಿ ಕಾಗದ ತಗೊಳ್ಳುತ್ತದೆ. ಸೌಕರ್ಯ ಚೆನ್ನಾಗಿದೆ.

ಕಾಗೋಡುಮೊಮ್ಮಗ:
ಸೋನಿಪತ್‌ಗೆ ಹೋದರೆ ನಮ್ಮೂರಿನ ಯಾರು ಹೋಗಿ ನೋಡುತ್ತಾರೆ? ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರದಲ್ಲಿರಬೇಕು. ಎಸಿ ಕೋಣೆ ಇಲ್ಲದಿದ್ದರೂ ಪರವಾಗಿಲ್ಲ.

ಹೊನ್ನೆಮರ:
ಪರವಾಗಿಲ್ಲ ಅನ್ನಬೇಡಿ. ಹತ್ತಿರ ಇದ್ದು ಸೋರುವ ಕೋಣೆಯಾದರೆ ಏನು ಬಂತು? ವರದಾತೀರ ಮೇಡಂ, ಮೊದಲು ಹೋಗಿ ಇಡುವ ಜಾಗ ನೋಡಿ. ಮಳೆಗಾಲದಲ್ಲಿ ಗೋಡೆ ಹೇಗಿರುತ್ತದೆ ಕೇಳಿ. ಈಗಾಗಲೇ ಬಂದಿರುವ ಯಾವುದಾದರೂ ಮನೆಯ ಸಂಗ್ರಹದ ಪಟ್ಟಿ ತೋರಿಸಿ ಅನ್ನಿ. ಪಟ್ಟಿ ತೋರಿಸಿದರೆ ಕೊಡಿ, ನಾನೂ ಬೇಡ ಅನ್ನುವುದಿಲ್ಲ.

ದಾಖಲೆಕೋಣೆ:
ಹೊನ್ನೆಮರ ಅವರ ಪರೀಕ್ಷೆ ಸರಿಯಾದ ಪರೀಕ್ಷೆ. ಮೂರು ಹೆಸರಿನ ಪಟ್ಟಿ ಮಾಡಿಕೊಂಡು ಮೂರೂ ಕಡೆ ಇದನ್ನೇ ಕೇಳಿ. ಸ್ಕ್ಯಾನಿನ ಒಂದು ಪ್ರತಿ ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೂ ಇರಲಿ, ಮುಚ್ಚಿದ ಪುಟಗಳನ್ನು ಬಿಟ್ಟು. ನೆಗೆಟಿವ್ ಬಗ್ಗೆ ನೀವು ಹೇಳಲೇ ಇಲ್ಲ.

ವರದಾತೀರ:
ವಾಸನೆ ಇದೆ ಸರ್. ಉಪ್ಪಿನಕಾಯಿ ಜಾಡಿಯ ಹಾಗೆ ಹುಳಿ ಹುಳಿ. ಕೆಲವು ಸುರುಳಿ ಸುತ್ತಿಕೊಂಡಿವೆ.

ದಾಖಲೆಕೋಣೆ:
ಹಾಗಾದರೆ ಅವು ಕೆಡಲು ಶುರುವಾಗಿವೆ. ಅಸಿಟೇಟ್ ಫಿಲ್ಮ್ ಒಂದು ಹಂತ ದಾಟಿದರೆ ಬೇಗ ಹೋಗುತ್ತದೆ, ಪಕ್ಕದವನ್ನೂ ಕೆಡಿಸುತ್ತದೆ. ಇವತ್ತೇ ಬಿಸ್ಕತ್ತಿನ ಡಬ್ಬಿಯಿಂದ ತೆಗೆದು, ವಾಸನೆ ಇರುವುದನ್ನು ಇಲ್ಲದ್ದರಿಂದ ಬೇರೆ ಮಾಡಿ, ಒಂದೊಂದನ್ನೂ ಬಿಳಿ ಕಾಗದದ ಲಕೋಟೆಯಲ್ಲಿ ಇಡಿ. ಪ್ಲಾಸ್ಟಿಕ್ ಬೇಡ. ಸುರುಳಿಯನ್ನು ಬಲವಂತವಾಗಿ ಬಿಡಿಸಬೇಡಿ. ಸ್ಕ್ಯಾನ್ ಮಾಡುವುದಿದ್ದರೆ ಇದೇ ಮೊದಲು. ಪುಸ್ತಕಗಳು ಇನ್ನೊಂದು ವರ್ಷ ಕಾಯುತ್ತವೆ.

ಓಲೆಗರಿ:
ಮೋಡಿ ಓದಲು ನಾನು ಬರುತ್ತೇನೆ. ಶಿವಮೊಗ್ಗದಲ್ಲೇ ಇದ್ದೇನೆ. ಊಟ ಹಾಕಿದರೆ ಸಾಕು.

ವರದಾತೀರ:
ಖಂಡಿತ ಬನ್ನಿ ಸರ್. ದೊಡ್ಡಪ್ಪ ನಿನ್ನೆ ರಾತ್ರಿ ತಾವಾಗಿಯೇ ಕೇಳಿದರು, ಆ ಖಾಲಿ ಪುಟದ ಮನೆಯವರು ಈಗ ಎಲ್ಲಿದ್ದಾರೆ ಅಂತ. ಕೊಡಲು ಒಪ್ಪಿದ್ದಾರೆ, ಒಂದೇ ಷರತ್ತು: ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಬೇಕು. ಕಾಗೋಡುಮೊಮ್ಮಗ ಅವರ ಸಾಲನ್ನು, ಹೆಸರಿರುವ ಮನೆಯವರಿಗೆ ಪ್ರತಿ ಪುಕ್ಕಟೆ ಅನ್ನುವುದನ್ನು, ಮೊದಲ ಷರತ್ತಾಗಿ ಬರೆದಿದ್ದೇನೆ. ಎರಡನೆಯದು, ಸಾಲ ಮತ್ತು ಜೀತದ ಪುಟಗಳನ್ನು ಆ ಮನೆಯವರನ್ನು ಕೇಳದೆ ಇಂಟರ್ನೆಟ್ಟಿಗೆ ಹಾಕಬಾರದು.

ನೀಲಿಪೆಟ್ಟಿಗೆ:
ಆ ಮನೆಯವರು ಸಿಗದಿದ್ದರೆ? ಅದನ್ನೂ ಬರೆಯಿರಿ.

ಕರಿಕೋಟು:
ಕರಡನ್ನು ನನಗೂ ಕಳಿಸಿ, ಫೀಸಿಲ್ಲದೆ ನೋಡಿಕೊಡುತ್ತೇನೆ. ಮನೆಯವರು ಸಿಗದಿದ್ದರೆ ಇಷ್ಟು ವರ್ಷ ಮುಚ್ಚಿಡುವುದು, ಆಮೇಲೆ ಊರಿನವರೂ ಇರುವ ಒಂದು ಸಮಿತಿ ತೀರ್ಮಾನಿಸುವುದು ಅಂತ ಹಾಕಬಹುದು.

ಕಾಗೋಡುಮೊಮ್ಮಗ:
ಕರಡು ಅಂತಿಮ ಆದ ಮೇಲೆ ಹೆಸರು ತೆಗೆದು ಇಲ್ಲಿ ಹಾಕಿ ಅಕ್ಕ. ನಮ್ಮ ಪಕ್ಕದ ಊರಿನ ಇನ್ನೊಂದು ದೊಡ್ಡ ಮನೆಯವರ ಹತ್ತಿರ ಮಾತಾಡಿದ್ದೇನೆ. ಅವರ ಅಟ್ಟದಲ್ಲೂ ಪುಸ್ತಕಗಳಿವೆಯಂತೆ, ಒಪ್ಪಂದದ ಕಾಗದ ತೋರಿಸಿದರೆ ಯೋಚಿಸುತ್ತೇವೆ ಅಂದಿದ್ದಾರೆ.